ಅರ್ಧಚಂದ್ರದ ಮೆಟ್ಟಿಲು

ಹಂಪಿ ರಸ್ತೆಯ ಆ ರೆಸಾರ್ಟಿನೊಳಗೆ ಕಾಲಿಟ್ಟ ಕೂಡಲೇ ಜಂಬಯ್ಯನ ಮೂಗಿಗೆ ಬಡಿದದ್ದು ಮಲ್ಲಿಗೆ ಸೆಂಟಿನ ವಾಸನೆ. ಗೋಡೆಗೆ ತಗಲಿಸಿದ ಡಬ್ಬಿಯೊಂದು ಆಗಾಗ ಪುಸ್ ಎಂದು ಅದನ್ನು ಉಗುಳುತ್ತಿತ್ತು. ಬಾಗಿಲ ಬಳಿ ಫೈಬರಿನ ಬಂಡೆಗಳನ್ನು ಪೇರಿಸಿಟ್ಟಿದ್ದರು. ಹೊರಗೆ ಕಣ್ಣು ಹಾಯಿಸಿದಷ್ಟೂ ದೇವರು ಕೊಟ್ಟ ಬಂಡೆಗಳೇ ಬಿದ್ದಿರುವಾಗ ಇವರಿಗೆ ಪೊಳ್ಳು ಬಂಡೆ ಯಾಕೆ ಬೇಕಾಯಿತೋ! ಬೆರಳಲ್ಲಿ ಬಡಿದು ನೋಡಿದ. ಖಾಲಿ ಡ್ರಮ್ಮಿನ ಸದ್ದು ಬಂತು. ಹೇಸಿಗೆಯಾಗಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಅವನು ಬಂದದ್ದು ಒಂದು ಫೋಟೋ ನೋಡಲು. ತಿಂಗಳ ಹಿಂದೆ ಅದು ಯಾರಿಂದಲೋ ಅವನ ಮೊಬೈಲಿಗೆ ಬಂದಿತ್ತು. ಗುಡ್ಡದ ಬುಡದಲ್ಲೊಂದು ಪುಟ್ಟ ಕಲ್ಲಿನ ಬಂಗಲೆ, ಹಂಚಿನ ಮಾಡು, ಜಗುಲಿಯ ಮೇಲೆ ಕುರ್ಚಿ ಹಾಕಿ ಕೂತ ಟೊಪ್ಪಿಗೆಯ ಸಾಹೇಬ. ಅಂಚಿನಲ್ಲಿ ಕೊಡ ಹೊತ್ತ ಒಬ್ಬ ಹೆಂಗಸು. ಕಂಪ್ಲಿಯ ಮನೆಯಲ್ಲಿ ಅಕ್ಕಿ ಕೇರುತ್ತ ಕೂತಿದ್ದ ತಾಯಿ ಭೀಮಮ್ಮನಿಗೆ ಸುಮ್ಮನೆ ತೋರಿಸಿದ್ದ. ಆಕೆ ಮೊರ ಕೆಳಗಿಟ್ಟಳು.

“ಇಕಿ ನಮ್ಮವ್ವ.”

“ಮುಖಾನ ಕಾಣವಲ್ದು, ಹೆಂಗ ಹೇಳ್ತಿಬೇ?”

“ಬಲಗೈ ನೋಡಲೇ, ಸೊಟ್ಟಗ ಐತಿ. ಮುರುದು ಹಂಗ ಕೂಡಿತ್ತು. ಇದು ಸಂಡೂರ ಗುಡ್ಡದ ಸಾಹೇಬ್ರ ಬಂಗ್ಲೆ. ನಮ್ಮಪ್ಪ ಅಲ್ಲಿ ವಾಚ್‌ಮನ್ ಇದ್ದ.”

ಆ ಹೆಂಗಸು ಜ್ವರದಲ್ಲಿ ಸತ್ತಾಗ ಭೀಮಮ್ಮನಿಗೆ ಏಳು ವರ್ಷ. ಬಂಗಲೆಯ ಹಿಂದೆ ಹುಣಸೆ ಮರದ ಬುಡದಲ್ಲಿ ಮಣ್ಣು ಮಾಡಿದ ಅಪ್ಪ, ಮಗಳನ್ನು ಕರೆದುಕೊಂಡು ಭತ್ತದ ಗದ್ದೆಯ ಕೂಲಿಗೆಂದು ಕಂಪ್ಲಿಗೆ ಬಂದುಬಿಟ್ಟಿದ್ದ. ಅವನೂ ಹೋದ ಮೇಲೆ ಜಾಗ ಗೊತ್ತಿದ್ದವರು ಯಾರೂ ಉಳಿಯಲಿಲ್ಲ. ಮಾರ್ನಮಿ ಅಮಾವಾಸ್ಯೆಗೆ ಊರವರೆಲ್ಲ ಹಿರಿಯರನ್ನು ಹೂಳಿದಲ್ಲಿಗೆ ಹೋಗಿ ಎಡೆ ಇಟ್ಟು ಬಂದರೆ, ಭೀಮಮ್ಮ ಮಾತ್ರ ಮಾಳಿಗೆ ಹತ್ತಿ ಕಾಗೆಗಳನ್ನು ಕೂಗುತ್ತಿದ್ದಳು.

“ಎಪ್ಪತ್ತು ವರ್ಷ ಕಾಗಿಗೆ ಹಾಕಿ ಸಾಕಾಗೈತಿ. ಈ ಸಲ ನಮ್ಮವ್ವನ ತಲಿದೆಸಿಗೆ ಇಡ್ತೀನಿ. ಜಾಗ ಹುಡುಕಿ ಕೊಡು. ಮುಂದಿನ ಅಮಾಸಿಗೆ ನಾನ ಇರ್ತೀನೋ ಇಲ್ಲೋ.”

ಜಂಬಯ್ಯ ಮೂರು ಭಾನುವಾರ ಬೈಕಿನಲ್ಲಿ ಸಂಡೂರು ಸುತ್ತಿದ. ಹಿಂದೆ ಅಲ್ಲಿಯ ಗಣಿಯೊಂದರಲ್ಲಿ ನಾಲ್ಕು ವರ್ಷ ಅದಿರು ತುಂಬುವ ಲೋಡರ್ ಓಡಿಸಿದವನು. ಗಣಿ ಬಂದ್ ಆದ ಮೇಲೆ ಕಂಪ್ಲಿಯ ಅಕ್ಕಿ ಮಿಲ್ಲಿಗೆ ಬಂದಿದ್ದ. ದಾರಿಯೆಲ್ಲ ಗೊತ್ತು. ಫೋಟೋದ ಗುಡ್ಡಕ್ಕೆ ಹೋರಿಯ ಡುಬ್ಬದಂಥ ನೆತ್ತಿಯಿತ್ತು. ಪ್ರತಿ ತಿರುವಿನಲ್ಲೂ ಗಾಡಿ ನಿಲ್ಲಿಸಿ, ಮೊಬೈಲನ್ನು ಕಣ್ಣಿಗೆ ನೇರ ಹಿಡಿದು, ಗುಡ್ಡದ ಗೆರೆಗೆ ಗೆರೆ ಕೂಡಿಸಿ ನೋಡಿದ. ಒಂದೂ ಕೂಡಲಿಲ್ಲ. ಅಮಾವಾಸ್ಯೆಗೆ ನಾಲ್ಕು ದಿನ ಉಳಿದಾಗ ಫೋಟೋದ ಮೂಲೆಯಲ್ಲಿದ್ದ ರೆಸಾರ್ಟಿನ ಹೆಸರು ಕಣ್ಣಿಗೆ ಬಿತ್ತು. ಅಸಲು ಫೋಟೋ ಅಲ್ಲಿರಬೇಕು ಎಂದುಕೊಂಡು ಬಂದಿದ್ದ.

ಇತ್ತು. ಗೋಡೆಯಷ್ಟು ದೊಡ್ಡದಾಗಿಯೇ ಇತ್ತು. ಕೆಳಗೆ ಬಂಗಾರದ ಬಣ್ಣದ ಅಕ್ಷರ: ‘ನೀವು ನಿಂತಿರುವ ಈ ನೆಲ, 1954’.

“ಇದು ಸಂಡೂರಿನದಲ್ಲೇನ್ರಿ?” ಎಂದು ಜಂಬಯ್ಯ ಮ್ಯಾನೇಜರ್ ಲಿಂಗರಾಜನನ್ನು ಕೇಳಿದ.

ಲಿಂಗರಾಜ ಬಾಯಲ್ಲಿದ್ದ ಗುಟ್ಕಾವನ್ನು ದವಡೆಗೆ ಸರಿಸಿ ನಕ್ಕ. “ಇರಬಹುದ್ರಿ. ಹಳೇದು ಒಂದು ಬೇಕಾಗಿತ್ತು, ಸಿಕ್ತು, ಹಾಕಿದ್ವಿ. ಗೆಸ್ಟ್‌ಗಳು ಮುಂದ ನಿಂತು ಭಾಳ ಸೆಲ್ಫಿ ತಗೋತಾರ. ಯಾವೂರಾದ್ರೇನ್ರಿ, ಗುಡ್ಡ ಗುಡ್ಡನ.”

“ಈಕಿ ನಮ್ಮಜ್ಜಿರಿ.”

“ಹೌದಾ! ಮಸ್ತ್ ಆತು ಬಿಡ್ರಿ. ನೀವು ಬಾಜೂಕ ನಿಂದರ್‍ರಿ, ಒಂದು ವಿಡಿಯೋ ಮಾಡ್ತೀನಿ.” ಬಾಗಿಲಾಚೆ ಹೋಗಿ ತುಳಸಿ ಕುಂಡದ ಬುಡಕ್ಕೆ ಪಿಚಕ್ಕನೆ ಉಗಿದು, ಮೊಬೈಲ್ ತೆಗೆಯುತ್ತ ವಾಪಸು ಬಂದ.

ಜಂಬಯ್ಯನಿಗೆ ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಆದರೆ ಅಷ್ಟರಲ್ಲಿ ಕಣ್ಣು ಫೋಟೋದ ಕೆಳಗಿನ ಅಂಚಿಗೆ ಹೋಗಿತ್ತು. ಮೊಬೈಲಿಗೆ ಬಂದದ್ದರಲ್ಲಿ ಅಷ್ಟು ಭಾಗ ಕತ್ತರಿಸಿ ಹೋಗಿತ್ತು. ಇಲ್ಲಿ ಜಗುಲಿಯ ಮೆಟ್ಟಿಲುಗಳು ಪೂರ್ತಿ ಕಾಣುತ್ತಿದ್ದವು. ಮೊದಲನೆಯದು ಅರ್ಧಚಂದ್ರದ ಆಕಾರದ್ದು. ಅದರ ನಡುವೆ ಕುದುರೆ ಕಟ್ಟುವ ಕಬ್ಬಿಣದ ಬಳೆ.

ಆ ಬಳೆಗೆ ಅವನು ಬುತ್ತಿಯ ಚೀಲ ನೇತುಹಾಕುತ್ತಿದ್ದ.

ಎರಡು ವರ್ಷ ಮಧ್ಯಾಹ್ನದ ಊಟ ಮಾಡಿದ್ದು ಅದೇ ಮೆಟ್ಟಿಲ ಮೇಲೆ. ಮಾಡು ಯಾವತ್ತೋ ಬಿದ್ದು ಬರೀ ಗೋಡೆಗಳು ಉಳಿದಿದ್ದವು, ಅದೊಂದು ಬಂಗಲೆಯಾಗಿತ್ತೆಂದು ಯಾರಿಗೂ ಹೊಳೆದಿರಲಿಲ್ಲ. ಊಟವಾದ ಮೇಲೆ ಎಲ್ಲರೂ ಗೋಡೆಯ ಹಿಂದಕ್ಕೆ ಹೋಗುತ್ತಿದ್ದರು. ಗಣಿಯಲ್ಲಿ ಕಕ್ಕಸು ಇರಲಿಲ್ಲ. ಹಿಂದೆ ಹುಣಸೆ ಮರವಿತ್ತು, ಮರೆಯಿತ್ತು. ನಲವತ್ತು ಮಂದಿ ಡ್ರೈವರು, ಆಪರೇಟರು, ದಿನಾ. ಬೇಸಿಗೆಯಲ್ಲಿ ನಾತ ಮೆಟ್ಟಿಲತನಕ ಬಂದು ಅನ್ನ ಸೇರುತ್ತಿರಲಿಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡು ನಗುತ್ತಲೇ ಉಣ್ಣುತ್ತಿದ್ದರು. ಕೊನೆಗೆ ಗಣಿಯ ಕೆಲಸಕ್ಕೆ ಬಾರದ ಮಣ್ಣನ್ನು ಅಲ್ಲಿ ಸುರಿಯಲು ಹೇಳಿದರು. ಮರವನ್ನು ಗಾಡಿಯ ಮುಂದಿನ ಕಬ್ಬಿಣದ ಬಕೆಟ್ಟಿನಿಂದ ನೂಕಿ ಕೆಡವಿ, ಗೋಡೆಯನ್ನೂ ಮೆಟ್ಟಿಲನ್ನೂ ಮುಚ್ಚಿದ್ದು ಇವನದೇ ಲೋಡರ್.

ಲಿಂಗರಾಜ “ಸ್ಮೈಲ್ ಮಾಡ್ರಿ” ಎನ್ನುತ್ತಿದ್ದ. ಜಂಬಯ್ಯ ಬಾಯಿ ಮುಚ್ಚಿಕೊಂಡು ಹೊರಗೋಡಿ ಫೈಬರ್ ಬಂಡೆಯ ಪಕ್ಕ ವಾಂತಿ ಮಾಡಿಕೊಂಡ.

ನೇರ ಸಂಡೂರಿಗೆ ಹೋದ. ಅವನ ಜೊತೆ ಟಿಪ್ಪರ್ ಓಡಿಸುತ್ತಿದ್ದ ಕೊಟ್ರಯ್ಯ ಈಗ ಅಲ್ಲಿ ಚಹಾದಂಗಡಿ ಇಟ್ಟಿದ್ದ. ಎಲ್ಲಾ ಕೇಳಿಸಿಕೊಂಡು ಲೋಟ ತೊಳೆಯುತ್ತಲೇ ಅಂದ: “ಲೇ ಹುಚ್ಚ, ಮೂರು ವಾರ ಗುಡ್ಡದ ನೆತ್ತಿ ಹುಡುಕಿದೇನು? ನೆತ್ತಿ ಎಲ್ಲೈತೋ? ನೀ ಬಗಿದಿ, ನಾ ಹೊತ್ತೆ, ಹೊಸಪೇಟಿ ರೈಲಿಗೆ ಹಾಕಿ ಕಳಿಸಿದ್ವಿ. ತಿಂದವನ ಬಂದು ತಾಟಿನಾಗ ಹುಡುಕ್ತಾನಂತ!”

ಹೌದಲ್ಲ. ಗುಡ್ಡ ಅಲ್ಲೇ ಇರುತ್ತದೆ, ಗುಡ್ಡ ಎಲ್ಲಿಗೆ ಹೋಗುತ್ತದೆ ಎಂದುಕೊಂಡು ಹುಡುಕಿದ್ದ. ಮೇಲೆ ನಿಂತು ಬಗೆದವನು, ಆ ಗುಡ್ಡದ ಮುಖವನ್ನು ದೂರದಿಂದ ಒಮ್ಮೆಯೂ ನೋಡಿರಲಿಲ್ಲ.

ಅಮಾವಾಸ್ಯೆಯ ದಿನ ತಾಯಿಯನ್ನು ಬಸ್ಸು, ಆಮೇಲೆ ಆಟೋದಲ್ಲಿ ಕರೆದೊಯ್ದ. ಮಡಿಲಲ್ಲಿ ಹೋಳಿಗೆಯ ಬುಟ್ಟಿ ಇಟ್ಟುಕೊಂಡು ಭೀಮಮ್ಮ ದಾರಿಯುದ್ದಕ್ಕೂ ಬಾಯ್ತುಂಬ ಮಾತಾಡಿದಳು. ಜಾಗ ಸಿಕ್ಕಿತು ಎಂದಷ್ಟೇ ಅವನು ಹೇಳಿದ್ದ.

ಎದುರಿಗೆ ಮೂರಾಳೆತ್ತರದ ಕೆಂಪು ಮಣ್ಣಿನ ರಾಶಿ. ಮಳೆಗೆ ಕೊರೆದು ರಕ್ತದಂಥ ರಾಡಿ ಹರಿದಿತ್ತು. ಮೇಲೆಲ್ಲ ಜಾಲಿ ಮುಳ್ಳು, ಪ್ಲಾಸ್ಟಿಕ್ಕು, ಸತ್ತ ನಾಯಿಯೊಂದರ ವಾಸನೆ.

“ಎಲ್ಲೈತೋ ಬಂಗ್ಲೆ?”

“ಇದರ ಕೆಳಗ. ನಾನ ಮುಚ್ಚಿದೆನಬೇ. ಗೊತ್ತಿರಲಿಲ್ಲ.”

ಆಕೆ ಬುಟ್ಟಿಯನ್ನು ಕಲ್ಲಿನ ಮೇಲೆ ಇಟ್ಟಳು. ಆಮೇಲೆ ಮುತ್ತುಗದ ಎಲೆಯಲ್ಲಿ ಹೋಳಿಗೆ, ಅನ್ನ, ಬದನೆಕಾಯಿ ಬಡಿಸಿ ಅವನ ಮುಂದೆ ಹಿಡಿದಳು. “ಇರ್ಲಿ ಬಿಡು, ಹೊಟ್ಟಿಪಾಡು. ಮ್ಯಾಲೆ ಹತ್ತಾಕ ನನಗಾಗಂಗಿಲ್ಲ. ಮೊಮ್ಮಗ ಇದ್ದೀಯಲ್ಲ, ನಿನ್ನ ಕೈಲೆ ಇಡು.”

ಅವನ ಕೈ ಮುಂದೆ ಬರಲಿಲ್ಲ.

“ನನ್ನ ಕೈಲೆ ಬ್ಯಾಡಬೇ.”

“ಯಾಕಲೇ?”

ಹೇಳಿದ. ಮೆಟ್ಟಿಲ ಮೇಲಿನ ಬುತ್ತಿಯಿಂದ ಹಿಡಿದು ಹುಣಸೆ ಮರದ ಬುಡದತನಕ ಎಲ್ಲ ಹೇಳಿದ. ತಾಯಿಯ ಮುಂದೆ ಆ ಮಾತು ಆಡುವಾಗ ನಾಲಗೆಗೆ ಅದರದೇ ರುಚಿ ಹತ್ತಿದಂತಾಯಿತು.

“ನೀ ಒಬ್ಬನ ಏನು?”

“ನಲ್ವತ್ತು ಮಂದಿ. ಎರಡು ವರ್ಷ.”

ಭೀಮಮ್ಮನ ಮುಖ ಹುಳ ಕಂಡವರ ಹಾಗೆ ಕಿವುಚಿಕೊಂಡಿತು. ಎಲೆಯನ್ನು ಸರಕ್ಕನೆ ಅವನ ಹತ್ತಿರದಿಂದ ಎಳೆದುಕೊಂಡಳು. ಸೀರೆ ಎತ್ತಿಕಟ್ಟಿ, ಎಪ್ಪತ್ತಾರು ವರ್ಷದ ಮೊಣಕಾಲಿನಲ್ಲಿ, ಮುಳ್ಳಿನ ನಡುವೆ ತಾನೇ ಹತ್ತಿದಳು. ಅವನು ಕೈ ಕೊಡಲು ಹೋದರೆ “ಮುಟ್ಟಬ್ಯಾಡ” ಅಂದಳು. ಅರ್ಧ ದಾರಿಯಲ್ಲಿ ಎಡೆ ಇಟ್ಟು, ನೀರು ಸುತ್ತಿ, ಮಣ್ಣಿಗೆ ಹಣೆ ಹಚ್ಚಿ ಇಳಿದು ಬಂದಳು. ಹಣೆ ಕೆಂಪಾಗಿತ್ತು.

ಹೊಸಪೇಟೆ ಬಸ್ ನಿಲ್ದಾಣದಲ್ಲಿ ಇಳಿದರು. ಹಿರಿಯರಿಗೆ ಇಟ್ಟು ಬಂದ ಮೇಲೆ ಕೈಕಾಲು ತೊಳೆದು, ಉಳಿದದ್ದನ್ನು ಮನೆಮಂದಿ ಹಂಚಿಕೊಂಡು ಉಣ್ಣಬೇಕು. ಅವನಿಗೆ ಬೆಳಿಗ್ಗೆಯಿಂದ ಹೊಟ್ಟೆಯಲ್ಲಿ ಏನೂ ಇಲ್ಲ. ನಲ್ಲಿಯ ಹತ್ತಿರದ ಕಟ್ಟೆಯ ಮೇಲೆ ಕೂತು ಭೀಮಮ್ಮ ಬುಟ್ಟಿಯ ಬಟ್ಟೆ ಬಿಚ್ಚಿದಳು.

ಜಂಬಯ್ಯ ಕೈ ತೊಳೆದು ಬಂದು ಅಂಗೈ ಒಡ್ಡಿದ. ಆಕೆ ಅಂಗೈಯನ್ನು ನೋಡಿದಳು, ಹೋಳಿಗೆ ಕೊಡಲಿಲ್ಲ.

“ಇನ್ನೊಮ್ಮೆ ತೊಳಿ.”

ಮೊಣಕೈತನಕ ತಿಕ್ಕಿ ತೊಳೆದು ಬಂದ.

“ಇನ್ನೊಮ್ಮೆ.”

ಕಂಪ್ಲಿ ಬಸ್ಸು ಬಂದು ನಿಂತಿತು. ಅವನು ಮತ್ತೆ ನಲ್ಲಿಗೆ ಹೋದ.