ನಂಬರು ಬದಲಾದ ಮಧ್ಯಾಹ್ನ

ಕನ್ನಡಕದ ಅಂಗಡಿಯ ಹಿಂಬದಿಯ ಇಕ್ಕಟ್ಟು ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ತಂಗಿಯ ಕೆಲಸ. ಮನೆಯಲ್ಲಿ ಅಕ್ಕ ಒಬ್ಬಳೇ. ಅಮ್ಮ ತೀರಿಕೊಂಡ ಮೇಲೆ ಇವಳನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ ಅಕ್ಕನಿಗೆ ಈಗ ಮರೆವು. ಒಲೆ ಹಚ್ಚಿ ಮರೆಯುತ್ತಾಳೆ, ಬಾಗಿಲು ತೆರೆದು ಬೀದಿಗಿಳಿಯುತ್ತಾಳೆ. ಅದಕ್ಕೇ ತಂಗಿ ಪಕ್ಕದ ಮನೆಯಾಕೆಗೆ ಒಂದು ಬೀಗದಕೈ ಕೊಟ್ಟು, ಮಂಚದೆದುರಿನ ಗೋಡೆಗೆ ಕ್ಯಾಮೆರಾ ಹಾಕಿಸಿದ್ದಳು. ಇಂಟರ್ನೆಟ್ಟಿನವನು ಬಂದು ಮನೆಯ ಇಂಟರ್ನೆಟ್ ಸಂಪರ್ಕದ ನಂಬರನ್ನು, ಅಂದರೆ ಐಪಿ ಅಡ್ರೆಸ್ಸನ್ನು, ಅವಳ ಮೊಬೈಲಿನಲ್ಲಿ ತುಂಬಿಕೊಟ್ಟಿದ್ದ. ಬಿಡುವಾದಾಗೆಲ್ಲ ಅದನ್ನು ತೆರೆದು, ಮೈಕಿನ ಗುಂಡಿ ಒತ್ತಿ, "ಅಕ್ಕಾ, ನೀರು ಕುಡಿದ್ಯಾ?" ಅನ್ನುವಳು. ಅಕ್ಕ ಗೋಡೆಯತ್ತ ತಿರುಗಿ, "ಕುಡಿದೆ ಕಣೇ, ನೀನು ಮೊದಲು ಊಟ ಮಾಡು" ಅನ್ನುವಳು.

ಒಂದು ಮಧ್ಯಾಹ್ನ ಮನೆಯ ಕಡೆ ಕರೆಂಟು ಹೋಗಿ ಬಂತಂತೆ. ತಂಗಿ ಮೊಬೈಲು ತೆರೆದರೆ ಮಂಚ ಖಾಲಿ. ಹೊದಿಕೆ ನೀಟಾಗಿ ಮಡಿಸಿಟ್ಟಿತ್ತು.

"ಅಕ್ಕಾ! ಎಲ್ಲಿದೀಯಾ? ಮಾತಾಡೇ!"

ಒಳಗೆ ಬಂದದ್ದು ಅಕ್ಕನಲ್ಲ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದ ಒಬ್ಬ ಮುದುಕ. ಕ್ಯಾಮೆರಾದ ಕೆಳಗೆ ಬಂದು ನಿಂತು ಮುಖವೆತ್ತಿ ನೋಡಿದ.

"ಬಂದ್ಯಾ?" ಎಂದ. "ಇಷ್ಟು ದಿನ ಎಲ್ಲಿಗೆ ಹೋಗಿದ್ದೆ?"

ತಂಗಿ ಅರ್ಧ ಉಜ್ಜಿದ ಗಾಜನ್ನು ಅಲ್ಲೇ ಬಿಟ್ಟು, ಬಿದ್ದೆನೋ ಎದ್ದೆನೋ ಎಂದು ಮನೆಗೆ ಓಡಿ ಬಂದಳು. ಅಕ್ಕ ಮಂಚದ ಮೇಲೆ ಕಾಲು ಚಾಚಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. "ಏನೇ ಇದು, ನಾಯಿ ಅಟ್ಟಿಸಿಕೊಂಡು ಬಂತಾ?" ಎಂದು ನಕ್ಕಳು.

ತಂಗಿ ಇಂಟರ್ನೆಟ್ಟಿನವನಿಗೆ ಫೋನು ಮಾಡಿದಳು.

"ಅಯ್ಯೋ, ಗಾಬರಿಯಾಗ್ಬೇಡಿ ಮೇಡಂ. ನಿಮ್ಮದು ಡೈನಾಮಿಕ್ ಐಪಿ. ಕರೆಂಟು ಹೋಗಿ ಬಂದಾಗ ಮನೆಗೆ ಹೊಸ ನಂಬರ್ ಬಂದಿದೆ. ಹಳೇದು ಇನ್ಯಾರಿಗೋ ಹೋಗಿದೆ. ನಿಮ್ಮ ಮೊಬೈಲು ಹಳೇ ನಂಬರನ್ನೇ ಹಿಡ್ಕೊಂಡು ಅವರ ಮನೆಗೆ ಹೋಗಿದೆ, ಅಷ್ಟೇ."

"ಹೋದ ತಕ್ಷಣ ಒಳಗೆ ಬಿಟ್ಕೊಂಡುಬಿಡತ್ತಾ? ಪಾಸ್‌ವರ್ಡ್ ಇಲ್ವಾ?"

"ಎಲ್ಲಾ ಮನೆಗೂ ಒಂದೇ ಪಾಸ್‌ವರ್ಡ್ ಹಾಕಿದೀನಿ ಮೇಡಂ. ಈ ವಾರದಲ್ಲಿ ಬಂದು ಸರಿ ಮಾಡಿಕೊಡ್ತೀನಿ."

ಅವನು ಬರುವ ತನಕ ಮೊಬೈಲಿನಲ್ಲಿ ಕ್ಯಾಮೆರಾ ತೆರೆಯಬಾರದು ಅಂದುಕೊಂಡಿದ್ದಳು. ಆದರೆ ಆ "ಬಂದ್ಯಾ?" ಕಿವಿ ಬಿಟ್ಟು ಹೋಗಲಿಲ್ಲ. ಕಣ್ಣು ಗಾಜಿನ ಮೇಲಿದ್ದರೂ ಮನಸ್ಸೆಲ್ಲ ಆ ಖಾಲಿ ಮಂಚದ ಸುತ್ತಲೇ. ಕೊನೆಗೊಮ್ಮೆ ತೆರೆದಳು. ಮುದುಕ ಕ್ಯಾಮೆರಾದ ಕೆಳಗೇ ಕುರ್ಚಿ ಹಾಕಿಕೊಂಡು ಕೂತಿದ್ದ. ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಯಾರಿಗೋ ಕಾದು ಕೂತವನ ಹಾಗೆ ಆಗಾಗ ತಲೆಯೆತ್ತಿ ನೋಡುತ್ತಿದ್ದ. ಸುಮ್ಮನಿರಲು ಅವಳಿಂದಾಗಲಿಲ್ಲ.

"ಯಜಮಾನರೇ, ತಪ್ಪು ತಿಳೀಬೇಡಿ. ನಾನು ನೀವಂದುಕೊಂಡವಳಲ್ಲ. ನಂಬರ್ ಅದಲುಬದಲಾಗಿ ನಿಮ್ಮ ಕೋಣೆ ನನ್ನ ಫೋನಲ್ಲಿ ಕಾಣ್ತಿದೆ."

ಮುದುಕ ಅಂಗಿಯ ಕಾಲರು ಸರಿಮಾಡಿಕೊಂಡ.

"ಗೊತ್ತಮ್ಮ," ಎಂದ ಆಮೇಲೆ. "ನನ್ನ ಹೆಂಡತಿ ಒಂದು ದಿನಕ್ಕೂ ನನ್ನನ್ನ ಇಷ್ಟು ಮರ್ಯಾದೆಯಿಂದ ಕರೆದವಳಲ್ಲ. ಅವಳು ಹಾಸಿಗೆ ಹಿಡಿದಾಗ ಹಾಕಿಸಿದ್ದು ಇದು. ಅವಳೇ ಹೋದಳು. ಇದನ್ನ ಕೀಳೋಕೆ ಕೈ ಬರಲಿಲ್ಲ." ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. "ನಿಮ್ಮ ಅಕ್ಕ ಸಿಕ್ಕಿದ್ರಾ?"

"ಸಿಕ್ಕಿದಳು. ಮನೇಲೇ ಇದ್ದಳು."

"ಒಳ್ಳೇದಾಯ್ತು. ಆವತ್ತಿಂದ ನನಗೂ ಅದೇ ಯೋಚನೆ."

"ಪಾಸ್‌ವರ್ಡ್ ಬದಲಾಯಿಸ್ಕೊಳ್ಳಿ. ಇಲ್ಲದಿದ್ದರೆ ಯಾರು ಬೇಕಾದರೂ ಬರಬಹುದು."

"ಬರಲಿ ಬಿಡಮ್ಮ," ಎಂದ ಮುದುಕ. "ಬರೋರು ಯಾರಿದ್ದಾರೆ?"

ಅದೇ ವಾರ ಇಂಟರ್ನೆಟ್ಟಿನವನು ಬಂದ. ತಂಗಿ ಅವನಿಗೆ ಹೊಟ್ಟೆ ತುಂಬ ಬೈದು ಸ್ಟ್ಯಾಟಿಕ್ ಐಪಿ ಹಾಕಿಸಿಕೊಂಡಳು.

"ಇನ್ಮೇಲೆ ಕರೆಂಟು ಎಷ್ಟು ಸಲ ಹೋದರೂ ನಂಬರ್ ಅಲ್ಲಾಡಲ್ಲ," ಎಂದ. "ಬೇರೆಯವರು ಬರದಿರೋಕೆ ಪಾಸ್‌ವರ್ಡನ್ನೂ ಬದಲಾಯಿಸ್ಬೇಕು. ಅದನ್ನ ನೀವೇ ಹಾಕಿ, ನನಗೂ ಹೇಳ್ಬೇಡಿ." ಅವನು ಹೋದ ಮೇಲೆ ತಾನೇ ಹೊಸ ಪಾಸ್‌ವರ್ಡ್ ಹಾಕಿ ಮುಗಿಸಿದಾಗ ಅವಳಿಗೆ ನೆಮ್ಮದಿಯಾಯಿತು.

ಅಕ್ಕ ಮಾತ್ರ ಮಂಚದ ಮೇಲೆ ಕೂತು ಗೋಡೆಯನ್ನೇ ನೋಡುತ್ತಿದ್ದಳು.

"ಆ ಹುಡುಗಿ ಇವತ್ತು ಬರಲೇ ಇಲ್ಲವಲ್ಲೇ," ಎಂದಳು.

"ಯಾವ ಹುಡುಗೀನಕ್ಕಾ?"

"ನೀನು ಕೆಲಸಕ್ಕೆ ಹೋದಾಗ ಈ ಗೋಡೆಯೊಳಗೆ ಬರ್ತಿದ್ದಳಲ್ಲ. ಮೊದಲನೇ ದಿನ 'ಕಂದಾ, ಎಲ್ಲೋ ಹೋದೆ?' ಅಂತ ಕಿರುಚಿಕೊಂಡಳು ಪಾಪ. ಆಮೇಲೆ ದಿನಾ ಬಂದು ನನಗೇ ಲಾಲಿ ಹಾಡೋಳು."

ತಾನು ಬೇರೊಬ್ಬರ ಕೋಣೆಯಲ್ಲಿ ಇಣುಕಿದ ಹಾಗೆ, ಈ ಮನೆಗೆ ಬಂದ ಹೊಸ ನಂಬರಿನ ಹಿಂದಿನ ಒಡತಿ ತನ್ನ ಮಗುವನ್ನು ನೋಡಲು ಹೋಗಿ ಇಲ್ಲಿಗೆ ಬಂದಿದ್ದಳು. ಮಗು ಅವಳಿಗೆ ಸಿಕ್ಕಿತೋ ಇಲ್ಲವೋ. ಸಿಕ್ಕಿದ್ದರೆ ದಿನಾ ಯಾಕೆ ಬರಬೇಕಿತ್ತು?

"ಹೇಗೆ ಹಾಡ್ತಿದ್ದಳಕ್ಕಾ?"

ಒಲೆ ಹಚ್ಚಿದ್ದನ್ನು ಮರೆಯುವ ಅಕ್ಕ, ಒಂದು ಕಡೆಯೂ ತಡವರಿಸದೆ ಎರಡು ಸಾಲು ಗುನುಗಿದಳು. ಅವರ ಮನೆಯಲ್ಲಿ ಯಾರೂ ಹಾಡದ ರಾಗ ಅದು.

ಮರುದಿನ ಅಂಗಡಿಯಲ್ಲಿ ತಂಗಿ ಮೊಬೈಲು ತೆರೆದಳು. ಈ ಸಲ ಕಂಡದ್ದು ಅಕ್ಕನೇ. ಕ್ಯಾಮೆರಾದತ್ತ ಮುಖ ಮಾಡಿ ಅದೇ ಹಾಡನ್ನು ಹಾಡುತ್ತಿದ್ದಳು. ಎರಡು ಸಾಲು ಹಾಡಿ, ಮುಂದಿನ ಸಾಲನ್ನು ಆ ಹುಡುಗಿಯೇ ಹಾಡಲಿ ಎಂಬಂತೆ ಸುಮ್ಮನಾಗಿ ಕಾಯುವಳು. ತಂಗಿಯ ಹೆಬ್ಬೆರಳು ಮೈಕಿನ ಗುಂಡಿಯ ಮೇಲಿತ್ತು. ಮುಂದಿನ ಸಾಲು ಅವಳಿಗೆ ಗೊತ್ತಿರಲಿಲ್ಲ.