ಚಕ್ರಕ್ಕೆ ಕೊಡುವ ಕಲ್ಲು

ನಮ್ಮ ಹಳೇ ಪಿಕಪ್ಪಿನ ಹ್ಯಾಂಡ್‌ಬ್ರೇಕ್ ಎಂದೂ ನೆಟ್ಟಗೆ ಹಿಡಿದಿದ್ದಿಲ್ಲ. ಇಳಿಜಾರಲ್ಲಿ ನಿಲ್ಲಿಸಿದರೆ ಹೆಂಡತಿ ರಾಜಮ್ಮಣ್ಣಿಯೇ ಕೆಳಗೆ ಧುಮುಕಿ ಚಕ್ರಕ್ಕೆ ಕಲ್ಲು ಕೊಡಬೇಕಿತ್ತು. ಮದುವೆಯಾದಾಗಿನಿಂದ ಅದೇ ಕಲ್ಲು. ಆಮೇಲೆ ಇಬ್ಬರೂ ಗಾಡಿಗೆ ಒರಗಿಕೊಂಡು ಟೀ ಕುಡಿಯುತ್ತಿದ್ದೆವು.

ಮೊನ್ನೆ ಗುಂಡ್ಲುಪೇಟೆಯಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು, ಹಿಂದಿನದಕ್ಕೆ ಹೊಸ ಬ್ರೇಕ್ ಲೈನರ್, ಹೊಸ ಹ್ಯಾಂಡ್‌ಬ್ರೇಕ್ ಎಲ್ಲ ಹಾಕಿಸಿದೆ.

"ಇನ್ನು ಈ ಕಲ್ಲು ಯಾಕಣ್ಣ?" ಅಂದ ಮೆಕ್ಯಾನಿಕ್.

"ಎಸೆದ್ಬುಡು," ಅಂದೆ.

ಇವತ್ತು ಟೊಮೆಟೊ ಹೇರಿಕೊಂಡು ಹೋಗುವಾಗ ಪುಣಜನೂರಿನ ಇಳಿಜಾರಲ್ಲಿ, ಟೀ ಅಂಗಡಿ ಮುಂದೆ ನಿಲ್ಲಿಸಿದೆ. ಗಾಡಿ ಕದಲಲಿಲ್ಲ. ಪಕ್ಕದ ಸೀಟಿನಿಂದ ರಾಜಮ್ಮಣ್ಣಿಯೂ ಕದಲಲಿಲ್ಲ. ಒಬ್ಬನೇ ಕುಡಿದ ಟೀ ರುಚಿಸಲಿಲ್ಲ.

"ಇಳ್ದು ಕಲ್ಲು ಕೊಡಮ್ಮಿ," ಅಂತ ರೇಗಿದೆ.

ಅವಳು ಸೀಟಿನಡಿ ಕೈಹಾಕಿ, ಅದೇ ಕಲ್ಲನ್ನು ಎತ್ತಿಕೊಂಡು ಇಳಿದಳು.