ನಾಲ್ಕು ಬೆರಳಿನ ಮಡಿಕೆ

ಬಟನ್ ಎಂಬ ಹುಡುಗಿಗೆ ಐದೂವರೆ ವರ್ಷ. ಕೆಂಪು ಯಾವುದು ಎಂದು ಕೇಳಿದರೆ ಗೋಡೆ ನೋಡುತ್ತಿದ್ದಳು. ಮೂರು ಹೆಚ್ಚೋ ನಾಲ್ಕು ಹೆಚ್ಚೋ ಎಂದರೆ ಚಪ್ಪಲಿ ನೋಡಿಕೊಳ್ಳುತ್ತಿದ್ದಳು. ಬೆಕ್ಕಿನ ಚಿತ್ರ ತೋರಿಸಿ ಇದೇನು ಪುಟ್ಟಿ ಎಂದರೆ, ಇಷ್ಟೂ ಗೊತ್ತಿಲ್ಲವೇ ಎಂಬ ಹಾಗೆ ಕೇಳಿದವರನ್ನೇ ದಿಟ್ಟಿಸುತ್ತಿದ್ದಳು. ಆರೋಗ್ಯ ಕೇಂದ್ರದವರು ಕಿವಿ ಪರೀಕ್ಷಿಸಿದರು, ಕಿವಿ ಚುರುಕಾಗಿತ್ತು. ಹಾಗಾದರೆ ಕೊರತೆ ತಲೆಯಲ್ಲೇ ಇರಬೇಕು ಎಂದು ಕಾಗದಗಳು ತಾವೇ ಮಾತಾಡಿಕೊಂಡು ತೀರ್ಮಾನಕ್ಕೆ ಬಂದವು.

ಆ ಕಾಗದಗಳನ್ನು ಎದೆಗವಚಿಕೊಂಡು ತಿರುಗುತ್ತಿದ್ದವಳು ಫೈಲಕ್ಕ. ಅವಳಿಗೆ ಬೇರೆ ಹೆಸರಿತ್ತು, ಆದರೆ ಅದು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಹೆತ್ತವರ ಬಳಿ ಇರಲಾಗದ ಮಕ್ಕಳನ್ನು ಸಾಕುಮನೆಗಳಲ್ಲಿ ಇರಿಸಿ ನೋಡಿಕೊಳ್ಳುವುದು ಅವಳ ಇಲಾಖೆಯ ಕೆಲಸ. ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಒಂದೇ ಒಂದು ನಿಯಮವನ್ನು ತಾನಾಗಿ ಮಾಡಿಕೊಂಡಿದ್ದಳು: ಯಾವ ಮಗುವಿಗೂ ಮಾತು ಕೊಡಬಾರದು. ನೀನು ಇನ್ನು ಇಲ್ಲೇ ಇರ್ತೀಯ ಎಂದು ಒಮ್ಮೆ ಒಂದು ಮಗುವಿಗೆ ಹೇಳಿ, ಆರು ತಿಂಗಳಲ್ಲಿ ಅದೇ ಮಗುವಿನ ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿದ ಮೇಲೆ ಬಂದ ಬುದ್ಧಿ ಅದು.

ಈಗ ಬಟನ್ ಇದ್ದದ್ದು ಮೂರನೆಯ ಸಾಕುಮನೆಯಲ್ಲಿ. ಸಾಕುತಾಯಿ ಹೊಲಿಗೆಯವಳು, ಮನೆಯ ಮುಂದಿನ ಕೋಣೆಯೇ ಅಂಗಡಿ. ಮಗು ಅವಳನ್ನು ಟೈಲರಮ್ಮ ಎನ್ನುತ್ತಿತ್ತು, ಅವಳು ಮಗುವನ್ನು ಬಟನ್ ಎನ್ನುತ್ತಿದ್ದಳು. ಹದಿನಾಲ್ಕು ತಿಂಗಳಿಂದ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು. ಶಾಲೆ ತೆರೆಯಲು ಮೂರು ವಾರ ಉಳಿದಿತ್ತು. ಒಂದನೇ ತರಗತಿಗೆ ಈ ಮಗು ಸಿದ್ಧವಿಲ್ಲ ಎಂದಾದರೆ ಊರಿನ ಆ ತುದಿಯ ವಿಶೇಷ ಕೇಂದ್ರಕ್ಕೆ ಕಳಿಸಬೇಕು. ಕೇಂದ್ರದವರು ಸುತ್ತಮುತ್ತಲ ಮನೆಗಳ ಮಕ್ಕಳನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಅಂದರೆ ಬಟನ್‌ಗೆ ನಾಲ್ಕನೆಯ ಮನೆ.

ಗುರುವಾರ ಶಾಲೆಯಲ್ಲಿ ಸಭೆ ಸೇರಿತು. ಮೂರು ಕಚೇರಿಗಳವರು ಒಂದೇ ಮೇಜಿಗೆ ಬಂದದ್ದು ಅದೇ ಮೊದಲು. ಅದುವರೆಗೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು; ಮಧ್ಯೆ ಮಗು. ಮಕ್ಕಳ ಇಲಾಖೆಯ ಚಿತ್ರದ ಕಾರ್ಡುಗಳನ್ನು ಶಾಲೆ ಒಪ್ಪುತ್ತಿರಲಿಲ್ಲ, ಶಾಲೆಯವನ್ನು ಆರೋಗ್ಯ ಕೇಂದ್ರ ಒಪ್ಪುತ್ತಿರಲಿಲ್ಲ. ಮೂವರ ಕಾರ್ಡಿನಲ್ಲೂ ಇದ್ದದ್ದು ಅದೇ ಬೆಕ್ಕು, ಅದೇ ಕೊಡೆ, ಅದೇ ಕೆಂಪು ಚೆಂಡು. ಮೇಜಾದರೂ ಎಂಥದ್ದು? ಶಿಶುವರ್ಗದ್ದು, ಮೊಣಕಾಲೆತ್ತರದ್ದು. ಪುಟ್ಟ ಕುರ್ಚಿಗಳಲ್ಲಿ ನಾಲ್ವರು ದೊಡ್ಡವರು ಮಂಡಿ ಮಡಚಿ ಕೂತರು: ಫೈಲಕ್ಕ, ಶಾಲೆಯ ಹೆಡ್ ಮೇಡಂ, ಆರೋಗ್ಯ ಕೇಂದ್ರದಿಂದ ನರ್ಸಣ್ಣ, ಮತ್ತು ಟೈಲರಮ್ಮ.

"ಸೊನ್ನೆ," ಎಂದರು ಹೆಡ್ ಮೇಡಂ, ಕಡ್ಡಿ ಮುರಿದ ಹಾಗೆ. "ನರ್ಸಣ್ಣ ಮಾಡಿದ ಪರೀಕ್ಷೇಲಿ ಇಪ್ಪತ್ತಕ್ಕೆ ಸೊನ್ನೆ. ಇಂಥ ಮಗೂನ ಸೇರಿಸ್ಕೊಂಡ್ರೆ ನಾವು ಮಗುಗೇ ಅನ್ಯಾಯ ಮಾಡಿದ ಹಾಗೆ."

"ಅವಳಿಗೆ ಎಲ್ಲಾ ಗೊತ್ತು ಮೇಡಂ," ಎಂದಳು ಟೈಲರಮ್ಮ. "ನೂರೆಂಟು ಬಣ್ಣದ ದಾರದಲ್ಲಿ ನಾನು ಹೇಳಿದ್ದನ್ನೇ ತಂದುಕೊಡ್ತಾಳೆ. ನನ್ನ ಕಣ್ಣಿಗಿಂತ ಅವಳ ಕಣ್ಣು ವಾಸಿ."

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಸಾಕಿದವರಿಗೂ ಹಾಗೇ ಅಂತ ಕಾಣುತ್ತೆ," ಎಂದರು ಹೆಡ್ ಮೇಡಂ.

ಟೈಲರಮ್ಮ ಮುಖ ಕೆಂಪಗೆ ಮಾಡಿಕೊಂಡು ಕೂತಳು. ನರ್ಸಣ್ಣ ಜಗಳ ತಪ್ಪಿಸಲೆಂದು ತನ್ನ ಫೈಲು ಬಿಚ್ಚಿದ. ಹೆಡ್ ಮೇಡಂ ತಮ್ಮದನ್ನು ಬಿಚ್ಚಿದರು. ಜಾಗ ಸಾಲದೆ ಮೂರೂ ಫೈಲುಗಳು ಒಂದರ ಮೇಲೊಂದು ಅರ್ಧರ್ಧ ಕೂತವು, ಮೂರು ಪರೀಕ್ಷೆಗಳ ಅಂಕಗಳು ಒಂದರ ಕೆಳಗೊಂದು ಕಾಣುವ ಹಾಗೆ. ಹದಿನೆಂಟು. ಒಂಬತ್ತು. ಸೊನ್ನೆ.

"ನೋಡಿ, ವರ್ಷಾ ವರ್ಷಾ ಇಳೀತಿದೆ," ಎಂದ ನರ್ಸಣ್ಣ. "ಇದಕ್ಕೇ ನಾನು ಡಾಕ್ಟರಿಗೆ ತೋರಿಸ್ಬೇಕು ಅಂದಿದ್ದು."

"ಡಾಕ್ಟರಿಗೆ ಆಮೇಲೆ ತೋರಿಸೋಣ," ಎಂದಳು ಟೈಲರಮ್ಮ. "ಇನ್ನೊಂದು ವಿಷಯ ಇದೆ. ಹೇಳಬಹುದೋ ಇಲ್ವೋ. ನರ್ಸಣ್ಣ ಬಂದು ಕಾರ್ಡು ತೋರಿಸಿ ಹೋದ್ರಲ್ಲ, ಅವತ್ತು ಅವಳು ಬಟ್ಟೆ, ಬ್ರಷ್ಷು ಎಲ್ಲಾ ಬ್ಯಾಗಿಗೆ ತುಂಬಿ ಬಾಗಿಲ ಹತ್ರ ಇಟ್ಟಿದ್ಲು. ಎರಡು ವಾರ ಅಲ್ಲೇ ಇತ್ತು. ನಾನು ಏನೋ ಆಟ ಅಂದ್ಕೊಂಡೆ."

ಫೈಲಕ್ಕ ಅಂಕಗಳನ್ನು ಬಿಟ್ಟು ತಾರೀಕುಗಳನ್ನು ನೋಡಿದಳು. ಮೊದಲ ಪರೀಕ್ಷೆ ಮಾಡಿದವಳು ಅವಳೇ. ಮೊದಲ ಸಾಕುಮನೆಯವರು ಬೇರೆ ಊರಿಗೆ ಹೊರಟಿದ್ದರು; ಮನೆ ಬದಲಿಸುವ ಮುಂಚೆ ಮಗುವನ್ನು ಪರೀಕ್ಷಿಸಬೇಕೆಂಬುದು ಇಲಾಖೆಯ ನಿಯಮ. ಮಗು ಪಟಪಟನೆ ಇಪ್ಪತ್ತರಲ್ಲಿ ಹದಿನೆಂಟನ್ನು ಸರಿಯಾಗಿ ಹೇಳಿತ್ತು. ಜಾಣೆ ಎಂದು ಕೆನ್ನೆ ತಟ್ಟಿದ್ದಳು. ಹನ್ನೊಂದನೆಯ ದಿನ ಬಂದು ಎತ್ತಿಕೊಂಡು ಹೋಗಿದ್ದಳು. ಎರಡನೆಯ ಮನೆಯಲ್ಲಿ ಶಿಶುವರ್ಗಕ್ಕೆಂದು ಶಾಲೆಯವರು ಕಾರ್ಡು ಹಿಡಿದು ಬಂದರು, ಒಂಬತ್ತು ಹೇಳಿತು. ಒಂಬತ್ತೇ ದಿನಕ್ಕೆ ಆ ಸಾಕುತಾಯಿ ಹಾಸಿಗೆ ಹಿಡಿದಳು, ಮತ್ತೆ ಮನೆ ಬದಲು. ಮೂರನೆಯ ಸಲ ಮಗು ತುಟಿ ಪಿಟಕ್ ಎನ್ನಲಿಲ್ಲ. ಯಾರೂ ಕರೆದೊಯ್ಯಲು ಬರಲಿಲ್ಲ.

"ಅವಳು ದಡ್ಡಿಯಲ್ಲ," ಎಂದಳು ಫೈಲಕ್ಕ. "ಸರಿಯಾಗಿ ಹೇಳಿದ್ರೆ ಮನೆ ಬಿಡಿಸ್ತಾರೆ ಅಂತ ಕಲಿತಿದ್ದಾಳೆ. ನಾವೇ ಕಲಿಸಿದ್ದು."

ಫೈಲಕ್ಕನಿಗೆ ನಾಚಿಕೆಯಾಯಿತು. ಎರಡು ವರ್ಷದಿಂದ ತನ್ನ ಕಂಕುಳಲ್ಲೇ ಇದ್ದ ಕಾಗದ ಅರ್ಥವಾಗಲು ಪಕ್ಕದವರ ಕಾಗದ ಬೇಕಾಯಿತಲ್ಲ.

ಹೆಡ್ ಮೇಡಂ ಕೆಟ್ಟವರಲ್ಲ, ಕಾಗದದ ಮನುಷ್ಯೆ. "ಇರಬಹುದು," ಎಂದರು. "ಆದ್ರೆ ನಾನು ಏನು ನೋಡಿ ಸೇರಿಸ್ಕೊಳ್ಳಲಿ? ಕಣ್ಣಾರೆ ಕಾಣಬೇಕು."

ಕಣ್ಣಾರೆ ಕಾಣಿಸುವುದೆಂದು ಮಾತಾಯಿತು. ಕಾರ್ಡಿಲ್ಲ, ಫೈಲಿಲ್ಲ. ಶನಿವಾರ ಬೆಳಿಗ್ಗೆ ಅಂಗಡಿಗೆ ಗಿರಾಕಿಗಳ ಹಾಗೆ ಹೋಗುವುದು, ಕಂಡದ್ದನ್ನು ಒಂದೇ ಕಾಗದದಲ್ಲಿ ಬರೆದು ಮೂವರೂ ಸಹಿ ಹಾಕುವುದು, ಇನ್ನು ಮೇಲೆ ಮೂರು ಕಚೇರಿಗೂ ಆ ಒಂದೇ ಕಾಗದ. ಶಾಲೆಯ ವರ್ಷ ಮುಗಿಯುವವರೆಗೆ ಮನೆ ಬದಲಿಸುವುದಿಲ್ಲ ಎಂದು ಇಲಾಖೆಯ ಪರವಾಗಿ ಫೈಲಕ್ಕ ಒಪ್ಪಿದಳು. ಒಂದು ವರ್ಷ, ಅದಕ್ಕಿಂತ ಹೆಚ್ಚಿಗೆ ಬರೆಯುವ ಅಧಿಕಾರ ಅವಳಿಗಿರಲಿಲ್ಲ.

ಶನಿವಾರ ನರ್ಸಣ್ಣನಿಗೆ ಆರೋಗ್ಯ ಕೇಂದ್ರದಲ್ಲಿ ಕೆಲಸದ ಸರದಿ. ಫೈಲಕ್ಕ, ಹೆಡ್ ಮೇಡಂ ಇಬ್ಬರು ಕಂಡದ್ದಕ್ಕೆ ಸಹಿ ಹಾಕುತ್ತೇನೆಂದಿದ್ದ. ಫೈಲಕ್ಕ ಅಂಗಡಿಯ ಮೆಟ್ಟಿಲ ಕೆಳಗೆ ನಿಂತು ತನ್ನ ಒಳ್ಳೆಯ ಕೋಟಿನ ಒಂದು ಗುಂಡಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡಳು. ಗಟ್ಟಿ ಹೊಲಿಗೆ, ಹಲ್ಲು ಹಾಕಬೇಕಾಯಿತು. ಹೆಡ್ ಮೇಡಂ ಜಿಪ್ಪು ಕೆಟ್ಟ ಚೀಲವೊಂದನ್ನು ತಂದಿದ್ದರು.

ಅಂಗಡಿಯ ಗೋಡೆಯುದ್ದಕ್ಕೂ ದಾರದ ಉಂಡೆಗಳು, ಕಿಟಕಿಯ ಕಟ್ಟೆಯ ಮೇಲೆ ಗುಂಡಿಗಳ ಗಾಜಿನ ಭರಣಿಗಳು. ಬಟನ್ ಮೊದಲು ಫೈಲಕ್ಕನ ಮುಖವನ್ನಲ್ಲ, ಕೈಗಳನ್ನು ನೋಡಿದಳು. ಎರಡೂ ಖಾಲಿ. ಆಮೇಲೆ ಕೋಟು ನೋಡಿದಳು.

"ಒಂದು ಗುಂಡಿ ಹೋಗಿದೆ," ಎಂದಳು. "ಆರು ಇರಬೇಕು. ಐದಿದೆ."

"ಹೌದಾ? ಅದೇ ಥರದ್ದು ಸಿಗುತ್ತಾ?"

ಬಟನ್ ಕೋಟಿನ ಹತ್ತಿರ ಬಂದು, ಉಳಿದ ಗುಂಡಿಯೊಂದನ್ನು ತಿರುಗಿಸಿ ನೋಡಿ, ಸ್ಟೂಲು ಹತ್ತಿ ಮೂರನೆಯ ಭರಣಿಯನ್ನೇ ಇಳಿಸಿದಳು. "ನಾಲ್ಕು ತೂತಿಂದು ಬೇಕು. ಕಂದು ಅಲ್ಲ, ತುಕ್ಕಿನ ಬಣ್ಣ." ಹುಡುಕಿ ತೆಗೆದು, ಕೋಟಿಗೆ ಹಿಡಿದು ನೋಡಿ, ವಾಪಸು ಹಾಕಿದಳು. "ಇದು ದೊಡ್ಡದಾಯ್ತು." ಇನ್ನೊಂದು ತೆಗೆದಳು. "ದಾರ ಎರಡೆಳೆ ಹಾಕು ಟೈಲರಮ್ಮ. ಇವರ ಹೊಲಿಗೆ ಕಿತ್ತುಹೋಗಿಲ್ಲ, ಯಾರೋ ಕಿತ್ತಿದಾರೆ."

ಟೈಲರಮ್ಮ ನಗು ತಡೆಯಲಾರದೆ ಮಷೀನಿನ ಕಡೆ ತಿರುಗಿದಳು. ಫೈಲಕ್ಕ ಸಿಕ್ಕಿಬಿದ್ದ ಕಳ್ಳಿಯಂತೆ ಕೂತಳು. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ: ಹೆಡ್ ಮೇಡಂ ಖುಷಿಯಲ್ಲಿ ಮೈಮರೆತು ಚೀಲದಿಂದ ಪುಸ್ತಕ ತೆಗೆದರು, ಪೆನ್ನು ತೆಗೆದರು, ಬರೆಯತೊಡಗಿದರು.

ಬಟನ್ ಪೆನ್ನು ನೋಡಿದಳು. ಕೈಯಲ್ಲಿದ್ದ ಗುಂಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಒಳಗೆ ಹೋದಳು. ಬರುವಾಗ ಬೆನ್ನಿಗೆ ಬ್ಯಾಗಿತ್ತು. ಬಾಗಿಲ ಹತ್ತಿರ ನಿಂತು ಚಪ್ಪಲಿ ಹಾಕಿಕೊಂಡಳು.

"ನಾನು ಹೇಳಿಬಿಟ್ಟೆ," ಎಂದಳು. ಅಳಲಿಲ್ಲ. ತಪ್ಪು ತನ್ನದೇ ಎಂಬಂಥ ದನಿ.

ಹೆಡ್ ಮೇಡಂ ಪೆನ್ನು ಮುಚ್ಚಿದರು, ಅದು ಬೆರಳಿಂದ ಜಾರಿ ಉರುಳಿತು. ಫೈಲಕ್ಕ ಅರ್ಧ ಎದ್ದವಳು ಮತ್ತೆ ಕೂತಳು. ಬಂದು ಎತ್ತಿಕೊಂಡು ಹೋಗುವುದು ಅವಳಿಗೆ ಗೊತ್ತಿತ್ತು. ಬಿಟ್ಟು ಹೋಗಲ್ಲ ಎಂದು ನಂಬಿಸುವುದು ಗೊತ್ತಿರಲಿಲ್ಲ.

ಟೈಲರಮ್ಮ ಮಷೀನಿನಿಂದೆದ್ದು ಮೊಳೆಗೆ ನೇತುಹಾಕಿದ್ದ ನೀಲಿ ಲಂಗವನ್ನು ತಂದಳು. ಶಾಲೆಯ ಸಮವಸ್ತ್ರ. ಸಭೆಗೂ ಮುಂಚೆಯೇ ಹೊಲಿದಿಟ್ಟಿದ್ದಳು. "ಹೋಗೋದಾದ್ರೆ ಹೋಗೋಣ, ಮೊದಲು ಇದರ ಅಳತೆ ನೋಡು. ನಿಂಗೆ ಕೆಲಸ ಬರುತ್ತಲ್ಲ."

ಬಟನ್ ಬ್ಯಾಗು ಇಳಿಸದೆಯೇ ಲಂಗದ ಅಂಚನ್ನು ತಿರುಗಿಸಿದಳು. ಮಕ್ಕಳು ಬೆಳೆದಂತೆ ಬಿಚ್ಚಿ ಉದ್ದ ಮಾಡಲೆಂದು ಒಳಗೆ ಮಡಚಿ ಹೊಲಿಯುವುದು ಈ ಅಂಗಡಿಯ ರೂಢಿ, ವರ್ಷಕ್ಕೆ ಎರಡು ಬೆರಳಿನಂತೆ. ಅವಳು ತನ್ನ ಬೆರಳಲ್ಲ, ಟೈಲರಮ್ಮನ ಕೈ ಹಿಡಿದು ಆ ಬೆರಳುಗಳನ್ನು ಮಡಿಕೆಯ ಮೇಲಿಟ್ಟು ಅಳೆದಳು.

"ನಾಲ್ಕು ಬೆರಳು," ಎಂದಳು. "ಎರಡು ವರ್ಷದ್ದು."

"ಹೂಂ."

"ಯಾರು ಬಿಚ್ಚೋದು?"

ಟೈಲರಮ್ಮ ಫೈಲಕ್ಕನ ಕಡೆ ನೋಡಿದಳು. ಮಗುವೂ ನೋಡಿತು. ಯಾರ ಮಾತು ನಡೆಯುತ್ತದೆಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

"ಟೈಲರಮ್ಮಾನೇ ಬಿಚ್ಚೋದು," ಎಂದಳು ಫೈಲಕ್ಕ. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ಮುಂದಿನ ವರ್ಷ ಎರಡು ಬೆರಳು, ಅದರ ಮುಂದಿನ ವರ್ಷ ಇನ್ನೆರಡು. ನೋಡೋಕೆ ನಾನು ಬರ್ತೀನಿ ಪುಟ್ಟಿ. ಹೀಗೇ ಬರಿಗೈಲಿ ಬರ್ತೀನಿ."

ಬಟನ್ ಬಹಳ ಹೊತ್ತು ಯೋಚಿಸಿದಳು. ಆಮೇಲೆ ನೆಲದ ಮೇಲೆ ಕೂತು ಬ್ಯಾಗಿನ ಬಾಯಿ ತೆರೆದಳು. ಎರಡು ಜೊತೆ ಬಟ್ಟೆ, ಬ್ರಷ್ಷು, ಒಂಟಿ ಕಾಲುಚೀಲ. ಅಡಿಯಲ್ಲಿ ಒಂದು ಕರವಸ್ತ್ರದ ಗಂಟು. ಬಿಚ್ಚಿದರೆ ಗುಂಡಿಗಳು, ಬಣ್ಣಕ್ಕೊಂದು. ಹೋಗುವಾಗ ಈ ಮನೆಯಿಂದ ಒಯ್ಯಲೆಂದು ಎತ್ತಿಟ್ಟುಕೊಂಡವು. ಟೈಲರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಗು ಸ್ಟೂಲು ಹತ್ತಿ, ಒಂದೊಂದರ ಬಣ್ಣವನ್ನೂ ಗಟ್ಟಿಯಾಗಿ ಹೇಳುತ್ತ, ಅದರದರ ಭರಣಿಗೆ ಹಾಕಿತು. ಹನ್ನೆರಡು ಬಣ್ಣ, ಒಂದೂ ತಪ್ಪಲಿಲ್ಲ. ಹೆಡ್ ಮೇಡಂ ಬಿದ್ದ ಪೆನ್ನನ್ನು ಎತ್ತಿಕೊಳ್ಳಲಿಲ್ಲ.

ಸೋಮವಾರ ಆ ಒಂದೇ ಕಾಗದಕ್ಕೆ ಮೂವರ ಸಹಿಯೂ ಬಿತ್ತು. ಅವಧಿ ಎಂಬ ಕಡೆ ಫೈಲಕ್ಕ ಎರಡು ವರ್ಷ ಎಂದು ಬರೆದಳು. ಮೇಲಧಿಕಾರಿ ಕನ್ನಡಕ ಸರಿಮಾಡಿಕೊಂಡು, ನಿಯಮ ಒಂದು ವರ್ಷ ಅಲ್ವೇನ್ರೀ, ಕಾರಣ ಏನು ಅಂತ ಕೊಡ್ತೀರಾ ಎಂದರು.

"ಲಂಗ ಆಗಲೇ ಹೊಲಿದಾಗಿದೆ ಸರ್," ಎಂದಳು ಫೈಲಕ್ಕ. ಅವರ ಸಹಿ ಸಿಗುವವರೆಗೂ ಎದುರಿನ ಕುರ್ಚಿ ಬಿಟ್ಟು ಏಳಲಿಲ್ಲ.